ಮುಸುಕು ಹಾಕಿದ ಕನ್ನಡಿ

ಆಂಬ್ರೋಸ್ ಪೆಲ್ಲೋ ಸತ್ತಿರಲಿಲ್ಲ. ಹಾಗೆಂದು ಹೇಳೋಣವೆಂದರೆ ನಾಲಿಗೆ ಏಳದು, ಬೆರಳು ಅಲುಗದು. ಮೊನ್ನೆ ಚಹಾ ಕುಡಿಯುತ್ತಿದ್ದಾಗ ಕುಸಿದವನ ಕೈ ಹಿಡಿದು ನೋಡಿದ ಡಾಕ್ಟರು ತಲೆಯಾಡಿಸಿ ಹೊರಟುಹೋಗಿದ್ದರು. ಹೆಣದ ಕಣ್ಣು ಮುಚ್ಚಿರಲೆಂದು ರೆಪ್ಪೆಗಳ ಮೇಲಿಟ್ಟಿದ್ದ ಪೆನ್ನಿ ನಾಣ್ಯಗಳಲ್ಲಿ ಒಂದು ಈಗ ಜಾರಿತ್ತು. ಆ ಸಂದಿಯಿಂದ ಮಧ್ಯಾಹ್ನದ ಬೆಳಕು ಕಾಣುತ್ತಿತ್ತು. ಕೆಳಗೆ ಬಡಗಿ ಶವಪೆಟ್ಟಿಗೆ ಇಳಿಸಿದ ಸದ್ದು ಕೇಳಿಸಿತು.

ಜನರನ್ನು ಹೆದರಿಸುವುದೇ ಅವನ ಕಸುಬು. ಅರ್ಧ ಇಂಗ್ಲೆಂಡಿನ ನಿದ್ದೆ ಕೆಡಿಸಿ ಈ ಮನೆ ಕಟ್ಟಿಸಿದ್ದ ಮಹಾರಾಯ. ಸತ್ತವರ ಮನೆಯಲ್ಲಿ ಕನ್ನಡಿಗೆ ಮುಸುಕು ಹಾಕಬೇಕು, ಇಣುಕಿದವರೇ ಮುಂದಿನ ಹೆಣ ಎಂಬ ಅಜ್ಜಿಯರ ಮಾತು ಸವೆದುಹೋಗುತ್ತಿತ್ತು. ಇವನು ಅದನ್ನೇ ಕಾದಂಬರಿ ಮಾಡಿ ಮತ್ತೆ ಜೀವ ತುಂಬಿದ. ಹಸ್ತಪ್ರತಿಯ ನಕಲು ಮಾಡಿದ ತಂಗಿ ಲೆಟಿಷಿಯಾ ಚಳಿಜ್ವರ ಬಂದು ಮಲಗಿದಳು. ಅಂದು ಅವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ.

“ಅಮ್ಮಾವ್ರೇ, ಧಣಿಗಳ ಕೆನ್ನೆ ಇನ್ನೂ ಕೆಂಪಗೇ ಇದೆಯಲ್ಲ,” ಎಂದಳು ಅಡುಗೆಯ ಹೆಪ್ಸಿಬಾ. “ಮೂಗಿನ ಹತ್ರ ಕನ್ನಡಿ ಹಿಡ್ದು ನೋಡೋಣ್ವಾ? ಉಸಿರಿದ್ರೆ ಮಂಜು ಕಟ್ತದೆ.”

ಹಿಡಿಯೇ, ನಿನ್ನ ಹೊಟ್ಟೆ ತಣ್ಣಗಿರಲಿ, ಎಂದು ಆಂಬ್ರೋಸ್ ಒಳಗೊಳಗೇ ಕೂಗಿಕೊಂಡ.

“ಹೆಣದ ಮುಂದೆ ಕನ್ನಡೀನಾ?” ಲೆಟಿಷಿಯಾ ಹಿಂದೆ ಸರಿದಳು. “ಅಣ್ಣ ಬರೆದದ್ದು ಮರೆತ್ಯಾ?”

“ಹೆಂಗೆ ಮರೀಲಿ? ನೀವು ಅದನ್ನ ಓದಿ ಹೇಳಿದ ದಿನದಿಂದ ಉಗ್ರಾಣಕ್ಕೂ ಒಬ್ಳೇ ಹೋಗಲ್ಲ ನಾನು. ಆದ್ರೂ, ಉಸಿರಿರೋರ್ನ ಮಣ್ಣು ಮಾಡ್ಬಿಟ್ರೆ?”

ಕೊನೆಗೆ ಲೆಟಿಷಿಯಾಳೇ ಮುಸುಕು ಹಾಕಿದ್ದ ಕೈಗನ್ನಡಿಯನ್ನು ಎತ್ತಿಕೊಂಡು ಬಂದಳು. ಆಮೇಲೆ ಕಪ್ಪು ಬಟ್ಟೆ ಸರಿದ ಸದ್ದು. ತಣ್ಣನೆಯ ಗಾಜು ಮೂಗಿನ ಬಳಿ ಬಂತು. ಆಂಬ್ರೋಸ್ ಇದ್ದಬದ್ದ ಜೀವವನ್ನೆಲ್ಲ ಒಂದು ಉಸಿರಿಗೆ ಕೂಡಿಸಿ ಬಿಟ್ಟ. ಗಾಜಿನ ಮೇಲೆ ಕಾಸಿನಗಲ ಮಂಜು ಮೂಡಿತು. ಅವನೇ ಅದನ್ನು ಕಂಡ. ಬದುಕಿದೆ ಎಂದುಕೊಂಡ.

“ಏನಾದ್ರೂ ಕಾಣ್ತೇನೇ?” ಎಂದಳು ಲೆಟಿಷಿಯಾ. ಕನ್ನಡಿ ಹಿಡಿದವಳು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

“ಇಲ್ಲ ಅಮ್ಮಾವ್ರೇ, ಮಂಜೂ ಇಲ್ಲ ಗಿಂಜೂ ಇಲ್ಲ. ಬೇಗ ಮುಸುಕು ಹಾಕಿ!” ಹೆಪ್ಸಿಬಾ ಏಪ್ರನ್ನಿನಲ್ಲಿ ಮುಖ ಹುದುಗಿಸಿ ಗೋಡೆಯ ಕಡೆ ತಿರುಗಿದ್ದಳು.

ನೋಡಿರೇ, ಒಮ್ಮೆ ನೋಡಿರೇ, ಅದೆಲ್ಲ ನಾನು ಕಟ್ಟಿದ ಸುಳ್ಳು ಎಂದು ಅವನು ಗೋಗರೆದ. ತುಟಿ ಮಿಸುಕಲಿಲ್ಲ. ಮಂಜು ಅಂಚಿನಿಂದ ಆರುತ್ತಾ ಬಂದು ಅವನ ಕಣ್ಣೆದುರೇ ಮಾಯವಾಯಿತು.

ಲೆಟಿಷಿಯಾ ತಡಕಾಡಿ ಕನ್ನಡಿಗೆ ಬಟ್ಟೆ ಸುತ್ತಿದಳು. ಜಾರಿದ್ದ ಪೆನ್ನಿಯನ್ನು ಅಣ್ಣನ ರೆಪ್ಪೆಯ ಮೇಲೆ ಮೆಲ್ಲಗೆ ಸರಿಪಡಿಸಿ, ಬಡಗಿಯನ್ನು ಮೇಲೆ ಬರಲು ಹೇಳಿದಳು.