ಸೋರದ ತೊಟ್ಟಿ

ನಲ್ಲಿ ಮೇಸ್ತ್ರಿಯ ದೈವಭಕ್ತಿಯ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಯಾರ ಮನೆಯ ಪೈಪು ಒಡೆದರೂ, ಅದು ಅಡುಗೆಮನೆಯ ಸಿಂಕಾಗಿರಲಿ, ನಾಲ್ಕನೇ ಮಹಡಿಯ ಕಕ್ಕಸಾಗಿರಲಿ, ಅವನು ಮೊದಲು ಟೋಪಿ ತೆಗೆದು ಅರ್ಧ ನಿಮಿಷ ಪ್ರಾರ್ಥನೆ ಮಾಡುತ್ತಿದ್ದ. ಆಮೇಲೆ ಗಾಬರಿಯಿಂದ ಬಕೆಟ್ಟು ಹಿಡಿದು ನಿಂತ ಮನೆಯವರಿಗೆ, "ಭಾರ ದೇವರ ಮೇಲೆ ಹಾಕಿ, ಆ ಸ್ಪ್ಯಾನರ್ ಈ ಕಡೆ ಕೊಡಿ" ಎನ್ನುತ್ತಿದ್ದ. ವಯಸ್ಸು ಐವತ್ತೆಂಟು, ತೂಕ ನೂರಹನ್ನೆರಡು ಕಿಲೋ. ಬಾಗಿಲಿಗೆ ಅಡ್ಡ ನಿಂತರೆ ಕೋಣೆಯಲ್ಲಿ ದೀಪ ಹಾಕಬೇಕು. ಇಷ್ಟು ದೊಡ್ಡ ಮನುಷ್ಯ ಹೆದರುತ್ತಿದ್ದುದು ಒಂದೇ ಒಂದಕ್ಕೆ. ತಲೆ ನೀರೊಳಗೆ ಹೋಗುವುದೆಂದರೆ ಅವನ ಜಂಘಾಬಲವೇ ಉಡುಗಿಹೋಗುತ್ತಿತ್ತು.

ನಗಬೇಡಿ. ಅಥವಾ ನಕ್ಕುಬಿಡಿ, ಅವನ ಹೆಂಡತಿಯೂ ನಗುತ್ತಿದ್ದಳು. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದನೇ ಎಂದರೆ ಇಲ್ಲ. ಯಾರಾದರೂ ತಲೆ ಹಿಡಿದು ಅದುಮಿದ್ದರೇ ಎಂದರೆ ಅದೂ ಇಲ್ಲ. ಹೆದರಿಕೆಗೆ ಕಾರಣ ಇರಲೇಬೇಕು ಎನ್ನುವವರು, ಜಿರಳೆ ಕಂಡು ಕುರ್ಚಿ ಹತ್ತಿದವರನ್ನು ಒಮ್ಮೆ ವಿಚಾರಿಸಲಿ. ಎದೆಮಟ್ಟದ ನೀರಿನಲ್ಲಿ ನಿಂತು ಹಾಡು ಗುನುಗುತ್ತಾ ವಾಲ್ವು ಬಿಗಿಯುತ್ತಿದ್ದವನು, ಮನೆಗೆ ಬಂದು ಮುಖವನ್ನು ಮಾತ್ರ ಒದ್ದೆ ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದ. ವಾರಕ್ಕೊಮ್ಮೆ ತಲೆಗೆ ಸ್ನಾನ. ಆಗ ಮೂಗು ಹಿಡಿದು ಮುಂದಕ್ಕೆ ಬಗ್ಗುತ್ತಿದ್ದ, ಹೆಂಡತಿ ಒಂದು ಚೊಂಬು ಹುಯ್ಯುವಳು, ಅವನು "ಸಾಕು ಸಾಕು" ಎನ್ನುವನು.

ಅವನು ಹೋಗುತ್ತಿದ್ದ ಕ್ರೈಸ್ತ ಸಭೆಯ ಪದ್ಧತಿ ಬೇರೆಯಾಗಿದ್ದರೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅಲ್ಲಿ ದೀಕ್ಷಾಸ್ನಾನವೆಂದರೆ ಪೂರ್ತಿ ಮುಳುಗುವುದು. ಹಣೆಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವ ಮಾತೇ ಇಲ್ಲ. ಪ್ರಾರ್ಥನಾ ಮಂದಿರದ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ನೀಲಿ ಟೈಲ್ಸಿನ ತೊಟ್ಟಿ. ಐದು ಮೆಟ್ಟಿಲು ಇಳಿದು ನಿಂತವರನ್ನು ಪಾಸ್ಟರ್ ಒಂದು ಕೈ ಬೆನ್ನಿಗೆ, ಒಂದು ಕೈ ಎದೆಗೆ ಇಟ್ಟು ಹಿಂದಕ್ಕೆ ಮಲಗಿಸಿ, ಮುಳುಗಿಸಿ, ಎಬ್ಬಿಸುತ್ತಾರೆ. ಮೇಸ್ತ್ರಿ ಇದನ್ನು ಹತ್ತೊಂಬತ್ತು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದ. ಮೊದಮೊದಲು ನೆಗಡಿ ಎಂದ, ಆಮೇಲೆ ಕಿವಿನೋವು ಎಂದ, ಆಮೇಲೆ "ನನ್ನ ನಂಬಿಕೆ ಇನ್ನೊಂದಿಷ್ಟು ಹಣ್ಣಾಗ್ಲಿ" ಎಂದ. ನೆಪಗಳ ಗಂಟು ಖಾಲಿಯಾದ ಮೇಲೆ, ಎರಡು ವರ್ಷದ ಹಿಂದೆ, ತೊಟ್ಟಿಯೇ ಸೋರತೊಡಗಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕೋ ನೇರವೋ ಎಂದು ನೋಡಿ ಹೇಳಬೇಕಾದ ಮೇಸ್ತ್ರಿಯೂ ಅವನೇ ಆಗಿದ್ದ. ಸಭೆಯಲ್ಲಿ ಬೇರೆ ಪ್ಲಂಬರ್ ಇರಲಿಲ್ಲ. "ತಳ ಸೀಳಿದೆ, ನೀರು ತುಂಬಿದ್ರೆ ಗೋಡೆ ಕೂತ್ಬಿಡುತ್ತೆ" ಎಂದ, ಎಲ್ಲರೂ ನಂಬಿದರು. ಆಗಾಗ ಚೀಲ ಹೆಗಲಿಗೇರಿಸಿ ಹೋಗಿ ಒಣ ತೊಟ್ಟಿಯಲ್ಲಿ ಕುಳಿತು, ಮೇಲೆ ಪ್ರಾರ್ಥನೆಗೆ ಬಂದವರಿಗೆ ಕೇಳುವಂತೆ ಟೈಲ್ಸಿಗೆ ಟಕ್ ಟಕ್ ಬಡಿದು ಬರುತ್ತಿದ್ದ. ದೀಕ್ಷಾಸ್ನಾನಕ್ಕೆ ಏಳು ಜನ ಸಾಲಿನಲ್ಲಿದ್ದರು. ಅವರಲ್ಲೊಬ್ಬಳು ಕಾಯುತ್ತಾ ಕಾಯುತ್ತಾ ಮದುವೆಯಾಗಿ ಒಂದು ಮಗುವನ್ನೂ ಹೆತ್ತಳು.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮೇಸ್ತ್ರಿಗೆ ನಾಚಿಕೆಯಾಗುತ್ತಿತ್ತು, ನಿಜವಾಗಿ ಆಗುತ್ತಿತ್ತು. ಸಿಂಕಿನ ಕೆಳಗೆ ಮಲಗಿ ಕೆಲಸ ಮಾಡುವಾಗ ದೇವರ ಜೊತೆ ವಾದಕ್ಕಿಳಿಯುತ್ತಿದ್ದ. "ನಿನಗೆ ಗೊತ್ತಲ್ಲಪ್ಪಾ, ನಿನ್ನ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ. ಪಾಸ್ಟರ್ ತೋಳಿನ ಮೇಲೆ ಇಲ್ಲ." ಇದರಲ್ಲಿ ಅರ್ಥವಿಲ್ಲದಿಲ್ಲ. ಪಾಸ್ಟರ್ ಎಂದರೆ ಊದಿದರೆ ಹಾರಿಹೋಗುವ ಜೀವ. ಕೋಟು ತೊಟ್ಟು ಬಂದರೆ ಕೋಟೊಂದೇ ಬರುತ್ತಿದೆಯೇನೋ ಅನ್ನಿಸುತ್ತಿತ್ತು. ಆ ಎರಡು ಕಡ್ಡಿ ತೋಳುಗಳು ತನ್ನನ್ನು ಮಲಗಿಸುವುದೇನೋ ಸರಿ, ಎಬ್ಬಿಸುವವರು ಯಾರು ಎಂಬುದು ಮೇಸ್ತ್ರಿಯ ಪ್ರಶ್ನೆ.

ಹೀಗಿರುವಾಗ ಅಮ್ಮ ನಡುವೆ ಬಂದಳು.

ಮೇಸ್ತ್ರಿಯ ಅಮ್ಮನಿಗೆ ಎಂಬತ್ನಾಲ್ಕು. ಮಗನ ಜೊತೆ ವರ್ಷಗಟ್ಟಲೆ ಸಭೆಗೆ ಬಂದು, ಕೊನೆಯ ಬೆಂಚಿನಲ್ಲಿ ಕುಳಿತು ಸ್ವೆಟರ್ ಹೆಣೆದು ಎದ್ದುಹೋಗುತ್ತಿದ್ದಳು. ಯಾರಾದರೂ ನಂಬಿಕೆಯ ಮಾತೆತ್ತಿದರೆ, "ಕೇಳ್ತಾ ಇದೀನಿ, ಅವಸರ ಮಾಡ್ಬೇಡಿ" ಎನ್ನುತ್ತಿದ್ದಳು. ಹೋದ ತಿಂಗಳ ಒಂದು ಭಾನುವಾರ, ಪಾಸ್ಟರ ಪ್ರಸಂಗ ಅರ್ಧದಲ್ಲಿರುವಾಗಲೇ ಕಡ್ಡಿಗಳನ್ನು ಮಡಿಲಲ್ಲಿಟ್ಟು, "ಸರಿ, ನಂಗೆ ಒಪ್ಪಿಗೆ ಆಯ್ತು. ಮುಳುಗೋರ ಪಟ್ಟಿಯಲ್ಲಿ ನನ್ನ ಹೆಸರೂ ಬರ್ಕೊಳ್ಳಿ" ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದಳು. ಪಾಸ್ಟರ್ ಆನಂದದಿಂದ ಕಣ್ಣೊರೆಸಿಕೊಂಡು, ತೊಟ್ಟಿ ಸೋರುತ್ತಿದೆ, ಸ್ವಲ್ಪ ಕಾಯಬೇಕು ಎಂದರು. ಅಮ್ಮ ತಿರುಗಿ ಮಗನ ಮುಖ ನೋಡಿದಳು. ಮೇಸ್ತ್ರಿ ಚಾವಣಿ ನೋಡಿದ. ಹೆತ್ತವಳಿಗೆ ಅಷ್ಟು ಸಾಕಾಯಿತು.

ಅವಳು ಒಂದು ಶುಕ್ರವಾರ ಮಂದಿರ ಗುಡಿಸುವವಳನ್ನು ಪುಸಲಾಯಿಸಿ ತೊಟ್ಟಿಗೆ ನೀರು ಬಿಡಿಸಿದಳು. ನೀರು ನಿಂತ ಕಡೆ ಟೈಲ್ಸಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಶನಿವಾರ ಮಧ್ಯಾಹ್ನ ಕೋಲೂರಿಕೊಂಡು ಹೋಗಿ ಮತ್ತೆ ನೋಡಿದಳು. ಆಮೇಲೆ ಮನೆಗೆ ಬಂದಳು. ಮೇಸ್ತ್ರಿ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ, ಹೆಂಡತಿ ಪಕ್ಕದಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಳು.

"ನೀರು ಒಂದು ಕೂದಲಷ್ಟೂ ಇಳಿದಿಲ್ಲ," ಎಂದಳು ಅಮ್ಮ. "ತೊಟ್ಟಿ ಗಟ್ಟಿಯಾಗಿದೆ. ಸೋರ್ತಿರೋದು ನೀನು."

ಚಹಾ ಮೇಸ್ತ್ರಿಯ ನೆತ್ತಿಗೇರಿತು. ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಬೆನ್ನು ಕುಲುಕುತ್ತಿತ್ತು.

"ಅಮ್ಮ, ಅದು ಹಾಗಲ್ಲ. ಈಗ ಚಳಿಗೆ ಸಿಮೆಂಟು ಸ್ವಲ್ಪ ಬಿಗಿದುಕೊಂಡು..."

"ಸಿಮೆಂಟಿನ ಕತೆ ನಿನ್ನ ಗಿರಾಕಿಗಳಿಗೆ ಹೇಳು. ನಾಳೆ ಬೆಳಿಗ್ಗೆ ಇಬ್ರೂ ಇಳೀತೀವಿ. ಮೊದಲು ನೀನು, ಆಮೇಲೆ ನಾನು. ಪಾಸ್ಟರಿಗೆ ಹೇಳಿ ಬಂದಿದೀನಿ."

"ನೀನೇ ಮೊದಲು ಇಳಿ. ದೊಡ್ಡವಳು."

"ನಾನು ಮೊದಲು ಇಳಿದ್ರೆ ನೀನು ಈ ಜನ್ಮದಲ್ಲಿ ಇಳಿಯಲ್ಲ. ನೀನು ಇಳಿಯದೆ ನಾನೂ ಇಳಿಯಲ್ಲ. ನಂಗೆ ಎಂಬತ್ನಾಲ್ಕು ಕಣೋ. ಇನ್ನೆಷ್ಟು ದಿನ ಕಾಯಿಸ್ತೀಯ ಅಂತ ನೀನೇ ಯೋಚನೆ ಮಾಡು."

ಅಷ್ಟು ಹೇಳಿ ಅಮ್ಮ ತನ್ನ ಕೋಣೆಗೆ ಹೋಗಿ ಸೊಗಸಾಗಿ ನಿದ್ದೆ ಮಾಡಿದಳು. ಮೇಸ್ತ್ರಿ ಯೋಚನೆ ಮಾಡಿದ. ತನ್ನ ಹೆದರಿಕೆಗೆ ಬೇಲಿ ಕಟ್ಟಿಕೊಂಡು ತಾನೊಬ್ಬನೇ ಕೂತಿದ್ದರೆ ಹೇಗೋ ಆಗುತ್ತಿತ್ತು, ಈಗ ಆ ಬೇಲಿ ಅಮ್ಮನ ದಾರಿಗೇ ಅಡ್ಡ ಬಂದಿತ್ತು. ಇಷ್ಟು ವರ್ಷ ಕಾದು, ತಾನಾಗಿ ಕೇಳಿದ ಒಂದೇ ಒಂದು ಆಸೆ ಅವಳದು. ಅದು ಈಡೇರದೆ ಅವಳು ಹೋಗಿಬಿಟ್ಟರೆ ಅವನು ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡುವುದು. ಹೆಂಡತಿ ದಿಂಬಿನ ಚೀಲ ಬದಿಗಿಟ್ಟು, ಎರಡು ಬಿಳಿ ಹೊದಿಕೆ ತಂದು ಅವನ ಭುಜದ ಅಳತೆ ತೆಗೆದುಕೊಂಡಳು. ಮಂದಿರದಲ್ಲಿದ್ದ ನಿಲುವಂಗಿ ಅವನ ಒಂದು ತೊಡೆಗೂ ಸಾಲುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿಗೆ ಕಾಲು ಬೇಕೇ. ಪಾಸ್ಟರ್ ಆಗಲೇ ತೊಟ್ಟಿಗಿಳಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹೊದಿಕೆಯ ನಿಲುವಂಗಿಯಲ್ಲಿ ಮೇಸ್ತ್ರಿ ಒಂದೊಂದೇ ಮೆಟ್ಟಿಲು ಇಳಿದ. ಅವನು ತಳ ಮುಟ್ಟಿದಾಗ ನೀರು ನಾಲ್ಕು ಬೆರಳು ಏರಿತು, ಪಾಸ್ಟರ್ ತುದಿಗಾಲಲ್ಲಿ ನಿಂತರು. ಮುಂದಿನ ಬೆಂಚಿನಲ್ಲಿ ಅಮ್ಮ, ಅವಳ ಪಕ್ಕ ಸೊಸೆ, ಸೊಸೆಯ ಬಾಯಿಯಲ್ಲಿ ಸೆರಗು.

"ಒಂದ್ನಿಮಿಷ," ಎಂದ ಮೇಸ್ತ್ರಿ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು, ನೀರೇನೂ ಅಷ್ಟು ತಣ್ಣಗಿರಲಿಲ್ಲ. "ಒಂದು ಮಾತು ಹೇಳ್ಬೇಕು. ಈ ತೊಟ್ಟಿ ಯಾವತ್ತೂ ಸೋರಿಲ್ಲ. ಮುಳುಗೋಕೆ ಹೆದರಿ ನಾನು ಸುಳ್ಳು ಹೇಳಿದೆ. ಎರಡು ವರ್ಷ ಹೇಳಿದೆ. ಕ್ಷಮಿಸಿ."

ಸಾಲಿನಲ್ಲಿ ಕಾಯುತ್ತಲೇ ತಾಯಿಯಾದವಳು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ನನ್ನ ಮಗು ನಡೆಯೋಕೆ ಶುರು ಮಾಡ್ತು, ಮೇಸ್ತ್ರಿ" ಎಂದಳು. ಅಲ್ಲಿಗೆ ಸಭೆಯಲ್ಲೆಲ್ಲ ನಗು ಹರಿಯಿತು, ಕ್ಷಮೆಯೂ ಅದರ ಜೊತೆಗೇ ಬಂತು.

ಪಾಸ್ಟರ್ ಕೈಗಳನ್ನು ಇಡಬೇಕಾದ ಕಡೆ ಇಟ್ಟರು. "ಮೊಣಕಾಲು ಸಡಿಲ ಬಿಡಿ," ಎಂದರು. ಮೇಸ್ತ್ರಿ ಸಡಿಲ ಬಿಟ್ಟ. ಹಿಂದಕ್ಕೆ ವಾಲಿದ. ಕುತ್ತಿಗೆಯ ಹಿಂಭಾಗಕ್ಕೆ ನೀರು ತಾಗಿತು ನೋಡಿ, ಅಷ್ಟೇ. ಹತ್ತೊಂಬತ್ತು ವರ್ಷದ ಹೆದರಿಕೆ ಒಮ್ಮೆಲೇ ಎದ್ದು ಕೈಗೆ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ಪಾಸ್ಟರ ಕೊರಳಪಟ್ಟಿ. ಮೇಸ್ತ್ರಿ ನೆಟ್ಟಗೆ ನಿಂತ, ಪಾಸ್ಟರ್ ಬುಳಕ್ಕನೆ ಮುಳುಗಿದರು.

ನೀರಿನ ಮೇಲೆ ಒಂದು ತೋಳು ಮಾತ್ರ ಕಾಣಿಸಿತು. ಮೇಸ್ತ್ರಿ ಹಿಂದುಮುಂದು ನೋಡಲಿಲ್ಲ. ತಲೆ, ಕಿವಿ, ಮೂಗು ಎಲ್ಲವನ್ನೂ ಸೇರಿಸಿ ನೀರೊಳಗೆ ನುಗ್ಗಿದ. ಪೈಪಿನಲ್ಲಿ ಸಿಕ್ಕಿಕೊಂಡ ಬಟ್ಟೆ ಎಳೆಯುವಂತೆ ಎಳೆದು ಪಾಸ್ಟರನ್ನು ಮೇಲೆತ್ತಿ ನಿಲ್ಲಿಸಿದ. ಹಾರ್ಮೋನಿಯಂನವನ ಕಣ್ಣು ಮಂದ. ದೀಕ್ಷಾಸ್ನಾನ ಆಗಿಯೇ ಹೋಯಿತೆಂದು ಅವನು ಸಂತೋಷದ ಹಾಡು ಶುರುಮಾಡಿದ, ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿಕೊಂಡು ಎದ್ದರು.

ಮೇಸ್ತ್ರಿ ತನ್ನ ತಲೆ ಮುಟ್ಟಿ ನೋಡಿಕೊಂಡ. ಒದ್ದೆಯಾಗಿತ್ತು. ಅವನ ಮುಖ ಅರಳಿತು. "ಆಯ್ತಲ್ಲ? ಮುಳುಗಿದೆನಲ್ಲ?"

"ಆಗ್ಲಿಲ್ಲ," ಎಂದಳು ಅಮ್ಮ. ಹಾಡು ಅರ್ಧಕ್ಕೆ ನಿಂತಿತು. "ಅದು ರಿಪೇರಿ ಕೆಲಸ. ಇನ್ನೊಬ್ಬರನ್ನ ಹಿಡಿದು ಎತ್ತೋಕೆ ನಿಂಗೆ ಯಾವತ್ತು ಹೆದರಿಕೆ ಇತ್ತು? ನಿನ್ನನ್ನ ಹಿಡಿಯೋಕೆ ಬಿಡು. ಅದು ನಿಂಗೆ ಬರಲ್ಲ. ನಿಮ್ಮಪ್ಪ ಸತ್ತಾಗಲೂ ನೀನು ಎಲ್ಲರನ್ನೂ ಹಿಡ್ಕೊಂಡೆ, ನಿನ್ನನ್ನ ಹಿಡಿಯೋಕೆ ಬಂದವರಿಗೆ ಕೆಲಸ ಇದೆ ಅಂತ ಹೇಳಿ ಹೋದೆ."

ಮೇಸ್ತ್ರಿಗೆ ಆ ಮಾತು ನಾಟಿತು. ಅಷ್ಟರಲ್ಲಿ ಪಾಸ್ಟರ್ ಕೆಮ್ಮು ಮುಗಿಸಿ ಹತ್ತಿರ ಬಂದರು.

"ಮೇಸ್ತ್ರಿ, ನಾನೂ ಒಂದು ಮಾತು ಹೇಳ್ಬೇಕು," ಎಂದು ಪಿಸುಗುಟ್ಟಿದರು. ಟೈಲ್ಸಿನ ತೊಟ್ಟಿಯಲ್ಲಿ ಪಿಸುಮಾತೂ ಡಂಗುರವಾಗುತ್ತದೆ, ಕೊನೆಯ ಬೆಂಚಿನವರೆಗೂ ಕೇಳಿಸಿತು. "ತೊಟ್ಟಿ ಸೋರಲ್ಲ ಅಂತ ನಂಗೂ ಗೊತ್ತಿತ್ತು. ನಿಮ್ಮನ್ನ ಎತ್ತೋದು ಹೇಗಪ್ಪಾ ಅಂತ ಹೆದರಿ ಸುಮ್ಮನಿದ್ದೆ. ಮನೇಲಿ ಹಾಸಿಗೆ ಸುತ್ತಿ, ಅದನ್ನ ಮಲಗಿಸಿ ಎಬ್ಬಿಸಿ ಅಭ್ಯಾಸ ಮಾಡಿದೀನಿ. ಎರಡು ಸಲ ಹಾಸಿಗೆ ನನ್ನ ಮೇಲೇ ಬಿತ್ತು."

ಮೇಸ್ತ್ರಿ ಪಾಸ್ಟರನ್ನು ನೋಡಿದ. ಪಾಸ್ಟರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಂದ್ರೆ ನಿಮ್ಮ ಕೈಲಿ ಆಗಲ್ಲ."

"ಆಗಲ್ಲ."

"ನನ್ನ ಕೈಲೂ ಆಗಲ್ಲ."

"ಮತ್ತೆ ದೇವರಿಗೇ ಬಿಡೋಣ. ಬೇರೆ ಯಾರಿದಾರೆ ಇಲ್ಲಿ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಮೇಸ್ತ್ರಿಯ ಹೊಟ್ಟೆ ಕುಲುಕಿತು, ತೊಟ್ಟಿಯಲ್ಲಿ ಅಲೆ ಎದ್ದಿತು, ಆ ಅಲೆಗೆ ಪಾಸ್ಟರ್ ತೇಲಾಡಿದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೇಲಿದ್ದವರೂ ನಕ್ಕರು, ಸೊಸೆಯ ಸೆರಗು ಬಾಯಿಂದ ಜಾರಿತು. ನಕ್ಕೂ ನಕ್ಕೂ ಮೇಸ್ತ್ರಿಯ ಮೊಣಕಾಲಲ್ಲಿ ಬಲವೇ ಉಳಿಯಲಿಲ್ಲ. ಪಾಸ್ಟರ್ ನಗುತ್ತಲೇ ಒಂದು ಕೈ ಬೆನ್ನಿಗೆ, ಒಂದು ಕೈ ಎದೆಗೆ ಇಟ್ಟು ಹೇಳಬೇಕಾದ ಮಾತು ಹೇಳಿದರು. ಮೇಸ್ತ್ರಿ, "ದೇವರೇ, ತಗೋ" ಎಂದು ಹಿಂದಕ್ಕೆ ಬಿದ್ದ.

ನೀರು ಮುಚ್ಚಿಕೊಂಡಿತು. ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಹೆದರಿಕೆಯ ಕೆಳಗೂ ಏನೋ ಒಂದು ಅವನನ್ನು ಹಿಡಿದುಕೊಂಡಿತ್ತು. ನೂರಹನ್ನೆರಡು ಕಿಲೋ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಾಸ್ಟರ ಕಡ್ಡಿ ತೋಳುಗಳ ಮೇಲೆ ಅವನು ನಿದ್ದೆಹೋದ ಮಗುವಿನಷ್ಟು ಹಗುರವಾಗಿ ಮಲಗಿದ್ದ. ಮೂವತ್ತು ವರ್ಷ ನೀರಿನ ಕೆಲಸ ಮಾಡಿದವನು, ಎಷ್ಟೋ ಟ್ಯಾಂಕುಗಳಲ್ಲಿ ತೇಲುಗುಂಡು ಕೂರಿಸಿದವನು, ನೀರು ಭಾರ ಹೊರುತ್ತದೆ ಎಂಬುದನ್ನು ಅಂದೇ ತಿಳಿದುಕೊಂಡ. ಎರಡು ಬೆರಳಿನ ಒತ್ತಡಕ್ಕೆ ಎದ್ದು ಬಂದ.

ಮಂದಿರದ ಕಿಟಕಿ ಗಾಜುಗಳು ನಡುಗುವಂತೆ ಗಲಾಟೆಯಾಯಿತು. ಹಾರ್ಮೋನಿಯಂನವನು ಈ ಸಲ ಪಕ್ಕದವನನ್ನು ಕೇಳಿ ಖಾತ್ರಿ ಮಾಡಿಕೊಂಡು ಹಾಡು ಎತ್ತಿದ. ಮೇಸ್ತ್ರಿ ಕಣ್ಣಿಂದ ನೀರೊರೆಸಿಕೊಳ್ಳುವ ಮೊದಲೇ ಅಮ್ಮ ಕೋಲು ಸೊಸೆಗೆ ಕೊಟ್ಟು, ಕನ್ನಡಕ ತೆಗೆದಿಟ್ಟು, ಮೆಟ್ಟಿಲು ಇಳಿಯುತ್ತಿದ್ದಳು. ಅವನು ಓಡಿ ಕೈ ಹಿಡಿದು ಕರೆತಂದ. ಪಾಸ್ಟರ್ ಗಂಟಲು ಸರಿಮಾಡಿಕೊಂಡು, "ನಿಮ್ಮ ನಂಬಿಕೆಯ ಅರಿಕೆಯ ಮೇರೆಗೆ..." ಎಂದು ಶುರುಮಾಡಿದರು. ಅವರಿನ್ನೂ ಕೈ ಇಟ್ಟಿರಲಿಲ್ಲ. ಅಮ್ಮ ಕಣ್ಣುಮುಚ್ಚಿ, ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡದೆ, ಮಂಚದ ಮೇಲೆ ಬೆನ್ನು ಚಾಚಿದಷ್ಟು ನಿಶ್ಚಿಂತೆಯಿಂದ ನೀರಿನ ಮೇಲೆ ಒರಗಿಬಿಟ್ಟಳು.

ಪಾಸ್ಟರ್ ಒಂದು ಕಡೆಯಿಂದ, ಮೇಸ್ತ್ರಿ ಒಂದು ಕಡೆಯಿಂದ ಎದ್ದುಬಿದ್ದು ಅವಳನ್ನು ಹಿಡಿದರು. ಪಾಸ್ಟರ್ ಉಳಿದ ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಿ ಮುಳುಗಿಸಿ ಎತ್ತಿದರು. ಅಮ್ಮನ ಬಿಳಿ ಕೂದಲು ಮುಖಕ್ಕೆಲ್ಲ ಅಂಟಿಕೊಂಡಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು. ಮೇಸ್ತ್ರಿ ಅವಳನ್ನು ತಬ್ಬಿಕೊಂಡು ಅಳುತ್ತಿದ್ದ, ನಗುತ್ತಲೂ ಇದ್ದ, ಎರಡಕ್ಕೂ ಅವನಿಗೆ ನಾಚಿಕೆಯಿರಲಿಲ್ಲ.

"ಏನಮ್ಮ ನೀನು," ಎಂದ. "ನೋಡೋದೂ ಇಲ್ವಾ? ನಾವು ಹಿಡೀದೆ ಹೋಗಿದ್ರೆ ಏನ್ ಗತಿ?"

ಅಮ್ಮ ಕಣ್ಣಿಂದ ಕೂದಲು ಸರಿಸಿ, ಮೊದಲು ಮಗನನ್ನು, ಆಮೇಲೆ ಪಾಸ್ಟರನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮಿಬ್ಬರನ್ನ ಯಾರು ನಂಬಿದ್ರು?" ಎಂದಳು.