ಒಂದು ಅಂದ್ರೆ ಹೌದು

ಕೆಟಲಿನ ಹಬೆ ಕಿಟಕಿಯ ಗಾಜಿಗೆ ಹತ್ತಿ ಎದುರಿನ ಕಟ್ಟಡ ಅಳಿಸಿಹೋಗುತ್ತಿದೆ, ಹೋಗಲಿ, ಅಲ್ಲಿ ಅವಳಿಗೆ ಗೊತ್ತಿರುವವರು ಯಾರಿದ್ದಾರೆ, ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಹಬೆಗೆ ಮುಖ ಒಡ್ಡಿದಳು, ಗಂಟಲಲ್ಲಿ ಮರಳುಕಾಗದ ಉಜ್ಜಿದ ಹಾಗೆ — ಪಿಸುಗುಟ್ಟೋದೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು ಎಂದಿದ್ದರು ಡಾಕ್ಟರು, ಶನಿವಾರ ಹಾಡ್ಬೇಕು ಅಂದ್ರೆ ಅಲ್ಲೀವರೆಗೂ ಬಾಯಿ ಮುಚ್ಕೊಂಡಿರಿ. ಅದೇನು ಮಹಾ, ಈ ಊರಲ್ಲಿ ಮಾತಾಡಿಸುವವರಾದರೂ ಯಾರು, ಇಲ್ಲಿನ ಭಾಷೆಯಲ್ಲಿ ಅವಳಿಗೆ ಬರುವುದು ಒಪೆರಾದ ಸಾಲುಗಳಷ್ಟೇ, ವಿಷ ಕೊಡು ಎಂದು ಯಾವ ಸ್ಥಾಯಿಯಲ್ಲಿ ಬೇಕಾದರೂ ಕೇಳಬಲ್ಲಳು, ಅರ್ಧ ಕಿಲೋ ಈರುಳ್ಳಿಗೆ ಮಾತ್ರ ಬೆರಳು ತೋರಿಸಬೇಕು. ಮೊದಲು ಹೋದ ದೇಶದಲ್ಲಿ ತಟ್ಟೆ ಹಿಡಿದ ದಾಸಿಯ ಪಾತ್ರ, ಹಾಡಿದ್ದು ಒಂದೇ ಸಾಲು, ಆಮೇಲಿನದರಲ್ಲಿ ಬದಲಿ ಗಾಯಕಿ, ಬಣ್ಣ ಹಚ್ಚಿಕೊಂಡು ಪರದೆಯ ಮರೆಯಲ್ಲಿ ಕೂತು ಇನ್ನೊಬ್ಬಳ ಗಂಟಲು ಕೆಡಲೆಂದು ಕಾದದ್ದು, ಛೆ, ಹಾಗೆ ಕಾಯಲಿಲ್ಲ, ಇಲ್ಲ, ಕಾದಳು, ಈಗ ನಾಯಕಿಯ ಪಾತ್ರ ಸಿಕ್ಕಿದೆ, ಕೆಟ್ಟಿದ್ದು ತನ್ನದೇ ಗಂಟಲು. ಮುಂದಿನ ಎರಡು ವರ್ಷಕ್ಕೆ ಮತ್ತೊಂದು ದೇಶದ ರಂಗಮಂದಿರ ಕರೆದಿದೆ, ಒಪ್ಪಿಕೊಂಡೂ ಆಗಿದೆ, ಅಪ್ಪನಿಗೆ ತಿಳಿಸಲು ಫೋನಿನಲ್ಲಿ ಬರೆದು ಬರೆದು ಅಳಿಸಿದ್ದಾಳೆ — ಫೋನು ಗುಂಯ್ಗುಟ್ಟಿತು, ಅಪ್ಪನೇ.

ಮುಂದೆ ಹೋಗಿ ಮುಂದೆ ಹೋಗಿ ಎಂದು ಆಯುಷ್ಯವೆಲ್ಲ ಬಸ್ಸಿನಲ್ಲಿ ಕೂಗಿ ದನಿ ಖರ್ಚು ಮಾಡಿಕೊಂಡ ಕಂಡಕ್ಟರು, ಫೋನಿನಲ್ಲಿ ಅವನದು ಒಂದೇ ಮಾತು, ಇರು, ಅಮ್ಮಂಗೆ ಕೊಡ್ತೀನಿ, ಆಮೇಲೆ ಅಮ್ಮ ತೀರಿಕೊಂಡಳು, ಕೊಡಲು ಯಾರೂ ಉಳಿಯಲಿಲ್ಲ. ಗಂಟಲು ಸರಿಯಿಲ್ಲ ಅಂತ ಬರ್ದಿದ್ಯಲ್ಲ, ನೀನೇನೂ ಮಾತಾಡ್ಬೇಡ ಎನ್ನುತ್ತಿದ್ದಾನೆ, ನಾನು ಕೇಳ್ತೀನಿ, ನೀನು ಫೋನ್ ಮೇಲೆ ಉಗುರಲ್ಲಿ ತಟ್ಟು, ಒಂದು ಅಂದ್ರೆ ಹೌದು, ಎರಡು ಅಂದ್ರೆ ಇಲ್ಲ, ಗೊತ್ತಾಯ್ತಾ. ಟಕ್. ಊಟ ಆಯ್ತಾ. ಟಕ್, ಸುಳ್ಳು, ನಿನ್ನೆಯ ಬ್ರೆಡ್ಡು ಮೇಜಿನ ಮೇಲೆ ಹಾಗೇ ಒಣಗಿದೆ. ನೋಡ್ಕೊಳ್ಳೋಕೆ ಜೊತೇಲಿ ಯಾರಾದ್ರೂ ಇದ್ದಾರಾ. ಟಕ್, ಅದೂ ಸುಳ್ಳು, ಎಷ್ಟು ಸಲೀಸು, ದನಿಯಾಗಿದ್ದರೆ ನಡುಗಿ ಗುಟ್ಟು ಬಿಟ್ಟುಕೊಡುತ್ತಿತ್ತು, ಉಗುರಿಗೆ ನಡುಕವಿಲ್ಲ. ಜ್ವರ ಇದೆಯಾ. ಟಕ್ ಟಕ್. ಅವನ ದನಿಯ ಹಿಂದೆ ಆ ಮನೆಯ ಫ್ಯಾನು ತಿರುಗುವುದು ಇಲ್ಲಿಯವರೆಗೂ ಕೇಳಿಸುತ್ತದೆ, ಅಪ್ಪ ಕೆಮ್ಮಿದ. ಈ ಕೆಲಸ ಮುಗಿದ್ಮೇಲೆ ಬಂದ್ಬಿಡ್ತೀಯಾ ಮಗಳೇ, ಇಲ್ಲೇ ಇರೋಕೆ. ಇದೊಂದಕ್ಕೆ ಸುಳ್ಳು ಕೂಡದು, ಎರಡು ತಟ್ಟಬೇಕು, ಎರಡು, ಈಗಲೇ, ಟಕ್, ಮತ್ತೆ ಬೆರಳೆತ್ತಿದಳು — ಸರಿ ಸರಿ ಎಂದುಬಿಟ್ಟ ಅಪ್ಪ, ಆ ದನಿ ಅಷ್ಟು ಹಗುರಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ, ನಿನ್ನ ರೂಮಿಗೆ ಬಣ್ಣ ಹೊಡೆಸಿಡ್ತೀನಿ, ಗಂಟಲು ಜೋಪಾನ, ಫೋನ್ ಇಡ್ಲಾ, ಇಟ್ಟೇಬಿಟ್ಟ, ಫೋನಿನ ಗಾಜು ಕಪ್ಪಾಯಿತು, ಅದರ ಮೇಲೆ ಬೆರಳು, ಎತ್ತಿದ ಹಾಗೆಯೇ, ಉಗುರು, ಎತ್ತಿದ ಹಾಗೆಯೇ