ಅರಿಶಿನ ಹಚ್ಚಿದ ಬ್ಯಾಟರಿ

ನಡುರಾತ್ರಿ ಯಾರೋ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರು.

ಶ್ಯಾಮಲಮ್ಮ ಏಳಲಿಲ್ಲ. ಗಾಢ ನಿದ್ದೆಯಲ್ಲಿರುವವಳಂತೆ ಉಸಿರೆಳೆದಳು. ಮತ್ತೊಮ್ಮೆ ಅದೇ ಸದ್ದು. ಆಮೇಲೆ ಜಗಲಿಯ ಗೂಡಿನಲ್ಲಿ ಬೀಗದ ಕೈ ಕಿಣಿಕ್ಕೆಂದಿತು; ಬರಿಗಾಲಿನ ಹೆಜ್ಜೆಗಳು ಮಾವಿನ ತೋಪಿನ ಷೆಡ್ಡಿನ ಕಡೆಗೆ ಸರಿದವು.

"ಹೋದ ಕಣಮ್ಮಾ," ಪಕ್ಕದಲ್ಲಿ ಮಲಗಿದ್ದ ಮಗಳು ಭಾರತಮ್ಮ ಪಿಸುಗುಟ್ಟಿದಳು. "ಎದ್ದು ನೋಡ್ಲಾ?"

"ಬೇಡ ಕಣೇ. ಕತ್ತಲಲ್ಲಿ ಹಿಡಿದ್ರೆ ನೀರು ಕುಡಿಯೋಕೆ ಎದ್ದೆ ಅಂತಾನೆ. ಬೆಳಗಾಗ್ಲಿ."

ಯಲ್ದೂರಿನ ಆ ಷೆಡ್ಡಿನಲ್ಲಿ ನಿಂತಿದ್ದುದು ಬಯಾಸ್ಕೋಪಿನ ವ್ಯಾನು. ಶ್ಯಾಮಲಮ್ಮನ ಗಂಡ ಬಿಟ್ಟುಹೋದ ಬದುಕೆಂದರೆ ಅದೊಂದೇ. ವಿಜಯದಶಮಿಯಿಂದ ಮುಂಗಾರಿನವರೆಗೆ ತಾಯಿ ಮಗಳು ಅದರೊಳಗೇ ಅಡುಗೆ ಮಾಡಿ, ಅದರೊಳಗೇ ಮಲಗಿ, ಶ್ರೀನಿವಾಸಪುರದಿಂದ ಮುಳಬಾಗಿಲಿನವರೆಗೆ ಊರೂರಿನಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಭಾರತಮ್ಮನಿಗೆ ಮದುವೆಯಾದ ಮೇಲೂ ಟಿಕೆಟ್ ಹರಿಯುವ ಕೆಲಸ ಅವಳದೇ. ಮಳೆಗಾಲದಲ್ಲಿ ವ್ಯಾನಿಗೆ ವಿಶ್ರಾಂತಿ. ಬ್ಯಾಟರಿಗೆ ಮಾತ್ರ ಇಲ್ಲ. ಶ್ಯಾಮಲಮ್ಮ ಅದನ್ನು ಬಿಚ್ಚಿ ಹಲಗೆಯ ಮೇಲಿಡುತ್ತಿದ್ದಳು. ತುದಿಗಳಿಗೆ ವ್ಯಾಸಲೀನ್ ಸವರಿ, ಬಟ್ಟಿ ಇಳಿಸಿದ ನೀರು ತುಂಬಿ, ತಿಂಗಳಿಗೊಮ್ಮೆ ಶ್ರೀನಿವಾಸಪುರಕ್ಕೆ ಒಯ್ದು ಚಾರ್ಜ್ ಮಾಡಿಸುತ್ತಿದ್ದಳು. "ಬಾಣಂತೀನೂ ಯಾರೂ ಇಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ," ಎಂದು ಊರು ನಗುತ್ತಿತ್ತು.

ಆ ನಗು ಈ ಶ್ರಾವಣದಲ್ಲಿ ನಿಂತಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಭಾರತಮ್ಮನಿಗೆ ದಿನ ತುಂಬುವ ಮೊದಲೇ ನೋವು ಬಂತು. ಮಗು ಅಡ್ಡ ತಿರುಗಿದೆ, ಕೋಲಾರಕ್ಕೆ ಒಯ್ಯಿರಿ ಎಂದಳು ಸೂಲಗಿತ್ತಿ. ಶ್ಯಾಮಲಮ್ಮ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದಳು. 'ಟಕ್' ಎಂದಿತು, ಅಷ್ಟೇ. ಹಿಂದಿನ ವಾರವಷ್ಟೇ ಚಾರ್ಜ್ ಆಗಿದ್ದ ಬ್ಯಾಟರಿ! ಎತ್ತಿನ ಗಾಡಿ ಕೋಲಾರ ಮುಟ್ಟುವಷ್ಟರಲ್ಲಿ ಮಗು ಉಸಿರು ನಿಲ್ಲಿಸಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಗಂಡನ ಹೆಸರು ಕೇಳಿದಾಗ, ಆ ಸಂಕಟದಲ್ಲೂ ಭಾರತಮ್ಮ ತುಟಿ ಕಚ್ಚಿಕೊಂಡಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೇ? ಅವನು ಇನ್ನೂ ಎತ್ತು ಬಿಚ್ಚುತ್ತಿದ್ದ; ತಾಯಿಯೇ ಹೇಳಬೇಕಾಯಿತು.

ಮನೆಗೆ ಮರಳಿದ ಮೇಲೆ ಶ್ಯಾಮಲಮ್ಮ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದಳು. ಒಳಗೆ ಆಸಿಡ್ ಇರಲಿಲ್ಲ. ಯಾರೋ ಅದನ್ನು ಚೆಲ್ಲಿ ಕೆರೆಯ ನೀರು ತುಂಬಿದ್ದರು. ಷೆಡ್ಡಿನ ಹಿಂದೆ ಒಂದು ಮೊರದಗಲ ಹುಲ್ಲು ಸುಟ್ಟು ಕರಕಲಾಗಿತ್ತು.

ಭಾರತಮ್ಮ ಆ ಹುಲ್ಲಿನ ಮೇಲೆ ನಿಂತು ಹೇಳಿದ್ದಳು: "ಅವನು ಯಾರೇ ಆಗಿರ್ಲಿ. ಅವನ ಹೆಸರನ್ನ ಊರು ಕೇಳೋ ಹಾಗೆ ನನ್ನ ಬಾಯಲ್ಲೇ ಕೂಗ್ತೀನಿ. ಅವತ್ತಿಂದ ಅವನು ನಮ್ಮ ಹೊಸ್ತಿಲು ತುಳೀಬಾರ್ದು. ಸತ್ರೂ ಸರಿ."

ಬೀಗದ ಕೈ ಎಲ್ಲಿರುತ್ತದೆಂದು ತಿಳಿದಿದ್ದವರು ಮೂವರು. ವ್ಯಾನು ತನಗೆ ಸೇರಬೇಕೆಂದು ಹಟ ಹಿಡಿದಿದ್ದ ಮೈದುನ ಸುಬ್ಬರಾಯಪ್ಪ. ಷೆಡ್ಡು ಖಾಲಿ ಮಾಡೆಂದು ಪೀಡಿಸುತ್ತಿದ್ದ ತೋಪಿನ ಯಜಮಾನ ಶ್ರೀರಾಮಪ್ಪ. ಮತ್ತೆ ಹೋಳೂರಿನ ಅಳಿಯ ಕೋದಂಡರಾಮಪ್ಪ; ಆ ರಾತ್ರಿ ಲಾಟೀನು ಹಿಡಿದು ಎತ್ತುಗಳ ಮುಂದೆ ಕೋಲಾರದವರೆಗೂ ಬರಿಗಾಲಲ್ಲಿ ಓಡಿದವನು.

ಆಯುಧಪೂಜೆಯ ನೆಪದಲ್ಲಿ ಮೂವರನ್ನೂ ಶ್ಯಾಮಲಮ್ಮ ಕರೆಸಿದ್ದಳು. ಹಿಂದಿನ ಸಂಜೆ ಜಗಲಿಯ ಮೇಲೆ ಮೈದುನನ ನಾಲಿಗೆಗೆ ತಡೆಯೇ ಇರಲಿಲ್ಲ.

"ಏಮಪ್ಪಾ ಅಳಿಯಾ, ನಿಮ್ಮೂರಲ್ಲಿ ನಿನ್ನನ್ನ ಬಯಾಸ್ಕೋಪ್ ಅಳಿಯ ಅಂತಾರಂತೆ? ಹೆಂಡ್ತಿ ಟಿಕೆಟ್ ಹರೀತಾಳೆ, ನೀನು ಕಡಲೆಕಾಯಿ ಮಾರ್ತೀಯಾ?"

"ಅನ್ಲಿ ಬಿಡಿ ಚಿಕ್ಕಮಾವ. ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ?" ಎಂದು ಅಳಿಯ ನಕ್ಕಿದ್ದ.

ಶ್ರೀರಾಮಪ್ಪ ಮಾತ್ರ ಗೊಣಗಿದ್ದ: "ಈ ಸಲನಾದ್ರೂ ಗಾಡಿ ಹೊರಡ್ತದಾ ಶ್ಯಾಮಲಮ್ಮ?"

"ಹೊರಡದೆ ಏನು? ಹೊಸ ಬ್ಯಾಟರಿ ತಂದಿದೀನಿ. ಅರಿಶಿನ ಹಚ್ಚಿ ಷೆಡ್ಡಲ್ಲಿಟ್ಟಿದೀನಿ. ದಶಮಿ ದಿನ ಹೊರಡದಿದ್ರೆ ವ್ಯಾನು ಮಾರಿಬಿಡ್ತೀನಿ. ಪೂಜೆ ಆಗೋವರೆಗೂ ಯಾರೂ ಮುಟ್ಟಬೇಡಿ. ಮಡಿ."

ಷೆಡ್ಡಿನಲ್ಲಿದ್ದುದು ಹಳೆಯ ಬ್ಯಾಟರಿ; ಮುಚ್ಚಳಗಳ ಮೇಲೆ ಅರಿಶಿನ ದಪ್ಪವಾಗಿ ಮೆತ್ತಿತ್ತು. ಹಬ್ಬದ ಹೊತ್ತಿನಲ್ಲಿ ಅರಿಶಿನವನ್ನು ಯಾರು ಶಂಕಿಸುತ್ತಾರೆ? ಹೊಸದು ಶ್ಯಾಮಲಮ್ಮನ ಮಂಚದ ಕೆಳಗಿತ್ತು.

ಬೆಳಗಾಯಿತು. ಪೂಜೆ ನೋಡಲು ಅಕ್ಕಪಕ್ಕದವರು ಅಂಗಳದಲ್ಲಿ ಸೇರತೊಡಗಿದರು. ಮೂವರೂ ಕಾಫಿ ಕುಡಿದು ಜಗಲಿಯ ಮೇಲೆ ಕುಳಿತಿದ್ದರು. ಕೈಗಳೆಲ್ಲ ತೊಳೆದು ಶುಭ್ರವಾಗಿದ್ದವು. ಆದರೆ ಉಗುರ ಸಂದಿಯ ಅರಿಶಿನ ಬರೀ ನೀರಿಗೆ ಹೋಗುವಂಥದ್ದಲ್ಲ.

ಭಾರತಮ್ಮ ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ನಡುವೆ ಆಗಷ್ಟೇ ಕಲಸಿದ ಹಸಿ ಸುಣ್ಣ.

"ಪೂಜೆಗೆ ಮುಂಚೇನೇ ತಾಂಬೂಲವಾ ಅತ್ತಿಗೆ?" ಸುಬ್ಬರಾಯಪ್ಪ ಕೇಳಿದ.

"ಹಾಕ್ಕೊಳ್ಳಪ್ಪ. ಪೂಜೆಗೆ ಇನ್ನೂ ಹೊತ್ತಿದೆ."

ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ಆರತಿಯ ನೀರು ಕದಡಿದ ಪ್ರತಿ ಹೆಂಗಸಿಗೂ ಗೊತ್ತು. ಗಂಡಸರು ಆರತಿ ಎತ್ತಿಸಿಕೊಳ್ಳುತ್ತಾರೆ, ಕದಡುವುದಿಲ್ಲ.

ಮೂರು ಹೆಬ್ಬೆರಳುಗಳು ಸುಣ್ಣ ತೆಗೆದು ಎಲೆಯ ಬೆನ್ನಿಗೆ ಸವರಿದವು. ಎರಡು ಬೆರಳು ಬೆಳ್ಳಗೇ ಉಳಿದವು. ಮೂರನೆಯದರ ಉಗುರ ಸುತ್ತ ಸುಣ್ಣ ಮೊದಲು ಮಂಕಾಯಿತು, ಆಮೇಲೆ ಕೆಂಪಾಯಿತು. ಎಲೆ ಬಾಯಿ ಮುಟ್ಟುವ ಮುನ್ನವೇ ಹೆಬ್ಬೆರಳಿಡೀ ಆರತಿಯ ನೀರಿನಲ್ಲಿ ಅದ್ದಿದಂತೆ ಕಂಡಿತು. ಅವನು ಬೆರಳನ್ನು ಪಂಚೆಯೊಳಗೆ ಅಡಗಿಸಿದ.

ಶ್ಯಾಮಲಮ್ಮ ಮಗಳ ಕಡೆ ತಿರುಗಿದಳು. ಹೇಳಬೇಕಾದವಳು ಅವಳು.

ಭಾರತಮ್ಮನ ಕಣ್ಣು ಆ ಪಂಚೆಯ ಕೆಂಪು ಕಲೆಯ ಮೇಲೆ ನೆಟ್ಟಿತ್ತು. ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು. ಅವಳು ಹೊಸ್ತಿಲ ಮೇಲೆ ಅಡ್ಡ ನಿಂತಳು. ಅಂಗಳದ ಜನರೆಲ್ಲ ತಿರುಗಿ ನೋಡುವಂತೆ, ಮದುವೆಯಾದಂದಿನಿಂದ ತನ್ನ ನಾಲಿಗೆಯ ಮೇಲೆ ಒಮ್ಮೆಯೂ ತಾರದ ಹೆಸರನ್ನು ಕೂಗಿದಳು:

"ಕೋದಂಡರಾಮಪ್ಪ!"